ನೆರಳು ಯಾರು ಎಂದು ಕೇಳಿದವರು

1990ರ ದಶಕದ ನಡುಭಾಗ. ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡಬೇಕು. ಧೂಳಿನಿಂದಲೂ ಕಂಪ್ಯೂಟರಿಗೆ ವೈರಸ್ ತಗಲುತ್ತದೆ ಎಂದು ಗಟ್ಟಿಯಾಗಿ ನಂಬಿದ್ದ ದಿನಗಳವು. ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಮೂರನ್ನೂ ಆರು ತಿಂಗಳಲ್ಲಿ ಕಲಿಸಿ ಸರ್ಟಿಫಿಕೇಟ್ ಕೊಡುತ್ತಿದ್ದರು. ಆ ಸರ್ಟಿಫಿಕೇಟ್ ಎಲ್ಲೋ ಕಳೆದುಹೋಯಿತು, ಕಲಿತದ್ದೂ ಹೋಯಿತು. ಉಳಿದದ್ದು ಸಾರ್ ಊಟಕ್ಕೆ ಹೋದ ಹೊತ್ತಿನಲ್ಲಿ ಕಲಿತ ನಾಲ್ಕನೆಯ ವಿದ್ಯೆ: ಕಪ್ಪು ಪರದೆಯ ಮೇಲೆ ‘ಪ್ರಿನ್ಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತುವುದು.

ಪ್ರಿನ್ಸ್ ಆಫ್ ಪರ್ಷಿಯಾ. ಬಿಳಿ ಪೈಜಾಮ ತೊಟ್ಟ ಹುಡುಗ, ನೆಲಮಾಳಿಗೆಯ ಸೆರೆಮನೆ, ಕೈಯಲ್ಲಿ 60 ನಿಮಿಷ. ಅಷ್ಟರೊಳಗೆ ಮೊನೆಗೂಟಗಳನ್ನು ದಾಟಿ, ಕುಸಿಯುವ ಹಾಸುಗಲ್ಲುಗಳ ಮೇಲೆ ಓಡಿ, ಅರಮನೆಯ ತುದಿಗೆ ಹತ್ತಿ, ಜಾಫರ್ ಎಂಬ ವಜೀರನಿಂದ ರಾಜಕುಮಾರಿಯನ್ನು ಬಿಡಿಸಬೇಕು. ನಾಲ್ಕನೆಯ ಹಂತದ ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ನಿಂತಿರುತ್ತದೆ. ಓಡಿಬಂದು ಅದಕ್ಕೇ ನೆಗೆಯಬೇಕು. ನೆಗೆದೊಡನೆ ನಮ್ಮ ಹುಡುಗನಂಥವನೇ ಇನ್ನೊಬ್ಬ, ಹೊಗೆಯಂಥ ಮೈಯವನು, ಕನ್ನಡಿಯಿಂದ ಹೊರಬಿದ್ದು ಎದುರು ದಿಕ್ಕಿಗೆ ಓಡಿಬಿಡುತ್ತಾನೆ. ನಮ್ಮವನ ಆಯುಸ್ಸು ಒಂದೇ ಬಿಂದುವಿಗೆ ಇಳಿದಿರುತ್ತದೆ.

ಮೊದಲ ಸಲ ಅದನ್ನು ನೋಡಿದಾಗ ಊಟ ಮುಗಿಸಿ ಬಂದ ಸಾರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬೈಗುಳ ತಪ್ಪಿಸಿಕೊಳ್ಳಲು ಪ್ರಶ್ನೆ ಕೇಳಿದೆ.

“ಸಾರ್, ಇವನ್ಯಾರು ಸಾರ್? ನಮ್ಮೋನ ಥರಾನೇ ಇದಾನೆ.”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ವೈರಸ್ ಇರ್ಬೇಕು ಕಣೋ. ಮೊದ್ಲು ಆಫ್ ಮಾಡು.”

ಅದು ವೈರಸ್ ಅಲ್ಲವೆಂದು ನನಗೆ ತಿಳಿಯುವುದಕ್ಕೆ ಬಹಳ ವರ್ಷ ಬೇಕಾಯಿತು. ನಾನು ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಇದೇ ಪ್ರಶ್ನೆ ಕೇಳಿದ ಕೆಲವರು ಮಾತ್ರ ಬಿಡಲಿಲ್ಲ. ಓದು ಮುಗಿಸಿ, ಕೆಲಸಕ್ಕೆ ಸೇರಿ, ಮಕ್ಕಳನ್ನು ಹೆತ್ತ ಮೇಲೂ ರಾತ್ರಿ ಹೊತ್ತು ಕೂತು ಆ ನೆರಳಿನ ಬೆನ್ನು ಹತ್ತಿದರು. ಈ ಅಂಕಣ ಅವರ ಬಗ್ಗೆ. ಹಳೆಯ ವಿಡಿಯೋ ಗೇಮ್‌ಗಳ ಅಭಿಮಾನಿಗಳೆಂದರೆ ಕೆಲಸವಿಲ್ಲದವರು ಎಂದುಕೊಂಡಿದ್ದವರಲ್ಲಿ ನಾನೂ ಒಬ್ಬ. ಆಮೇಲೆ ನೋಡಿದರೆ ಅವರು ಮಾಡುತ್ತಿರುವ ಕೆಲಸ ನಮ್ಮ ಹಳಗನ್ನಡ ವಿದ್ವಾಂಸರು ಓಲೆಗರಿ ಮುಂದಿಟ್ಟುಕೊಂಡು ಮಾಡಿದ ಕೆಲಸವೇ. ಒಂದೇ ವ್ಯತ್ಯಾಸ: ಇಲ್ಲಿ ಕಥೆಯ ಪ್ರಶ್ನೆ ಹಿಡಿದು ಹೊರಟವರು ಯಂತ್ರದ ಉತ್ತರಕ್ಕೆ ಬಂದು ಮುಟ್ಟುತ್ತಾರೆ.

ನೆರಳಿನ ಕಥೆಯನ್ನೇ ನೋಡಿ. ಆಟದೊಳಗೆ ಅವನ ನಡವಳಿಕೆಗೆ ಒಂದು ಕ್ರಮವಿದೆ. ಐದನೆಯ ಹಂತದಲ್ಲಿ ನಾವು ಓಡಿ ತಲುಪುವಷ್ಟರಲ್ಲಿ ಮದ್ದಿನ ಕುಡಿಕೆಯನ್ನು ಅವನು ಕುಡಿದು ಹೋಗಿರುತ್ತಾನೆ. ಆರನೆಯದರಲ್ಲಿ ಗುಂಡಿಯ ಮೇಲೆ ಕಾಲಿಟ್ಟು ನಮ್ಮ ಮುಖದ ಮೇಲೇ ಬಾಗಿಲು ಹಾಕುತ್ತಾನೆ, ನಾವು ಕೆಳಗೆ ಬೀಳುತ್ತೇವೆ. ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತಾನೆ. ಅವನಿಗೆ ಒಂದು ಏಟು ಹಾಕಿದರೆ ನಮ್ಮ ಆಯುಸ್ಸೂ ಒಂದು ಬಿಂದು ಇಳಿಯುತ್ತದೆ. ಕೊಂದರೆ ನಾವೂ ಸತ್ತಂತೆ. ಇರುವ ಉಪಾಯ ಒಂದೇ, ಕತ್ತಿಯನ್ನು ಒರೆಗೆ ಸೇರಿಸಿ ಅವನತ್ತ ಓಡುವುದು. ಇಬ್ಬರೂ ಒಂದಾಗುತ್ತಾರೆ. ಆಮೇಲೆ ಮುಂದಿನ ಪ್ರಪಾತದಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ, ಅಲ್ಲಿಯವರೆಗೆ ಇಲ್ಲದ ಹಾಸುಗಲ್ಲು ಮೂಡುತ್ತದೆ. ಅದ್ವೈತದ ಪಾಠವನ್ನು ಇಷ್ಟು ಚುರುಕಾಗಿ ಹೇಳಿದ ಆಟ ಇನ್ನೊಂದನ್ನು ನಾನು ಕಂಡಿಲ್ಲ. ಅಭಿಮಾನಿಗಳು ಇದಕ್ಕೆ ಪುಟಗಟ್ಟಲೆ ವ್ಯಾಖ್ಯಾನ ಬರೆದಿದ್ದಾರೆ. ನೆರಳು ಅಹಂಕಾರ ಎಂದವರಿದ್ದಾರೆ, ಭಯ ಎಂದವರಿದ್ದಾರೆ.

ಉತ್ತರ ಸಿಕ್ಕಿದ್ದು ಬೇರೆ ಕಡೆ. ಈ ಆಟವನ್ನು ಬಹುಮಟ್ಟಿಗೆ ಒಬ್ಬರೇ ಕಟ್ಟಿದವರು ಜೋರ್ಡನ್ ಮೆಕ್ನರ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ‘ಕರಾಟೇಕಾ’ ಎಂಬ ಆಟ ಮಾಡಿ ಗೆದ್ದವರು. 1985ರಲ್ಲಿ ನ್ಯೂಯಾರ್ಕ್ ರಾಜ್ಯದ ಚಪಾಕ್ವಾ ಊರಿನಲ್ಲಿ, ತಾವು ಓದಿದ ಶಾಲೆಯ ಎದುರಿನ ಪಾರ್ಕಿಂಗ್ ಜಾಗದಲ್ಲಿ, ಹದಿಹರೆಯದ ತಮ್ಮ ಡೇವಿಡ್‌ನಿಗೆ ಬಿಳಿ ಬಟ್ಟೆ ತೊಡಿಸಿ ಓಡಿಸಿದರು, ನೆಗೆಯಿಸಿದರು, ಗೋಡೆಗೆ ಜೋತು ಬೀಳಿಸಿದರು. ಅದನ್ನೆಲ್ಲ ವಿಡಿಯೋ ಟೇಪಿನಲ್ಲಿ ಹಿಡಿದು, ಪರದೆಯ ಮೇಲೆ ನಿಲ್ಲಿಸಿದ ಒಂದೊಂದು ಚೌಕಟ್ಟನ್ನೂ ಫೋಟೋ ತೆಗೆದು, ಮೈಯ ಅಂಚನ್ನು ಪೆನ್ನಿನಿಂದ ತಿದ್ದಿ, ಹಾಗೆ ಸಿಕ್ಕ ಆಕೃತಿಯನ್ನು ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ ತಮ್ಮನ ಸಹಾಯ ಸಾಲಲಿಲ್ಲ. 1938ರ ರಾಬಿನ್ ಹುಡ್ ಸಿನಿಮಾದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾಥ್‌ಬೋನ್ ನಡುವೆ ನಡೆಯುವ ಕಾಳಗದ ತುಣುಕನ್ನು ಹೀಗೇ ಬಿಡಿಸಿಕೊಂಡರು. ಸಂಗೀತ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಒಟ್ಟಿನಲ್ಲಿ ಮನೆಮಂದಿಯ ಕಂಪನಿ ನಾಟಕ.

ಆದರೆ ಆ ಕಂಪ್ಯೂಟರಿನ ನೆನಪಿನ ಜಾಗ 128 ಕಿಲೋಬೈಟ್. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಬಂದು ಬೀಳುವ ಗುಡ್ ಮಾರ್ನಿಂಗ್ ಚಿತ್ರಕ್ಕೂ ಅದು ಸಾಲದಿರಬಹುದು. ತಮ್ಮನ ಚಲನೆಗಳ ಚಿತ್ರಗಳೇ ಅದರಲ್ಲಿ ದೊಡ್ಡ ಪಾಲು ತಿಂದುಬಿಟ್ಟವು. ಎದುರಾಳಿ ಎಂದು ಇನ್ನೊಬ್ಬನನ್ನು ತರಲು ಜಾಗವೇ ಉಳಿಯಲಿಲ್ಲ. ಜತೆಗೆ ಕೆಲಸ ಮಾಡುತ್ತಿದ್ದ ಟೋಮಿ ಪಿಯರ್ಸ್ ಎಂಬಾಕೆ ಕಾದಾಟವಿಲ್ಲದೆ ಈ ಆಟ ಸಪ್ಪೆ ಎಂದು ಮತ್ತೆ ಮತ್ತೆ ಹೇಳಿದರು. ಹೊಸ ಚಿತ್ರ ಬರೆಯಲಾಗದಿದ್ದರೆ ಇರುವ ಹುಡುಗನನ್ನೇ ಎದುರಾಳಿ ಮಾಡಬೇಕು. ಆದರೆ ಇಬ್ಬರೂ ಒಂದೇ ಥರ ಇದ್ದರೆ ಯಾರು ಯಾರೆಂದು ತಿಳಿಯುವುದು ಹೇಗೆ?

ಮೆಕ್ನರ್ ಕಂಡುಕೊಂಡದ್ದು ಒಂದು ಸಾಲಿನ ಚಮತ್ಕಾರ. ಹುಡುಗನ ಚಿತ್ರವನ್ನು ಒಂದೇ ಒಂದು ಬಿಟ್‌ನಷ್ಟು ಪಕ್ಕಕ್ಕೆ ಸರಿಸಿ ಅದರ ಮೇಲೇ ಹಾಸುವುದು. ಎರಡು ಪದರದಲ್ಲೂ ಬೆಳಗಿರುವ ಚುಕ್ಕಿಯನ್ನು ಆರಿಸಿಬಿಡುವುದು, ಒಂದರಲ್ಲಿ ಮಾತ್ರ ಬೆಳಗಿದ್ದನ್ನು ಉಳಿಸುವುದು. ಎಕ್ಸ್‌ಕ್ಲೂಸಿವ್ ಆರ್ ಎಂದು ಕಂಪ್ಯೂಟರ್ ಓದಿದವರಿಗೆಲ್ಲ ಗೊತ್ತಿರುವ ಲೆಕ್ಕ. ಹಾಗೆ ಮಾಡಿದಾಗ ಮೈಯ ಒಳಭಾಗ ಟೊಳ್ಳಾಗಿ, ಅಂಚು ಮಾತ್ರ ಮಿಣುಕುವ ಒಂದು ಆಕೃತಿ ಹುಟ್ಟಿತು. ಹೊಸ ಚಿತ್ರಕ್ಕೆಂದು ಒಂದು ಬೈಟೂ ಖರ್ಚಾಗಲಿಲ್ಲ. ಅದೇ ನೆರಳು. ಕನ್ನಡಿ, ಕಳ್ಳತನ, ಕೊನೆಯ ಆಲಿಂಗನ ಎಲ್ಲವೂ ಆ ಆಕೃತಿ ಪರದೆಯ ಮೇಲೆ ಓಡಿದ ಮೇಲೆ ಬೆಳೆದ ಕಥೆ. ನಂತರ ಹೇಗೋ ಜಾಗ ಹೊಂದಿಸಿ ಕಾವಲುಗಾರರನ್ನೂ ತಂದರು. ಆದರೆ ಜನ ಇಂದಿಗೂ ನೆನೆಯುವುದು ಜಾಗವಿಲ್ಲದ ಹೊತ್ತಿನಲ್ಲಿ ಹುಟ್ಟಿದವನನ್ನು.

ಹಾಗಾದರೆ ನೆರಳು ಅಹಂಕಾರವೋ ಮೆಮೊರಿ ಕೊರತೆಯೋ? ಎರಡನ್ನೂ ಬೇರೆ ಮಾಡಲು ಹೋಗುವವರು ಈ ಕಲೆಯನ್ನು ತಪ್ಪಾಗಿ ಓದುತ್ತಾರೆ ಎಂದೇ ನನ್ನ ಎಣಿಕೆ. ಹಳೆಯ ಆಟಗಳ ಪುರಾಣವೆಲ್ಲ ಇಕ್ಕಟ್ಟಿನಲ್ಲೇ ಹುಟ್ಟಿದ್ದು.

ಇದನ್ನೆಲ್ಲ ನಾವು ತಿಳಿಯಲು ಸಾಧ್ಯವಾದದ್ದು ಮೆಕ್ನರ್ ದಿನಚರಿ ಬರೆದಿಟ್ಟಿದ್ದರಿಂದ. ಅದು ಪುಸ್ತಕವಾಗಿಯೂ ಬಂತು. ಆದರೆ ಆಟದ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಕಳೆದುಹೋಗಿತ್ತು. 2000ದ ದಶಕದ ಆರಂಭದಲ್ಲಿ ಹುಡುಕಿದಾಗ ಬರೆದವರಿಗೇ ಸಿಗಲಿಲ್ಲ. 2012ರ ಮಾರ್ಚಿನಲ್ಲಿ ತಂದೆ ನ್ಯೂಯಾರ್ಕಿನ ಮನೆಯ ಅಲಮಾರು ಖಾಲಿ ಮಾಡುವಾಗ ಹಿಂಬದಿಯಿಂದ ಒಂದು ರಟ್ಟಿನ ಡಬ್ಬ ಹೊರಬಂತು. ಒಳಗೆ ಮೂರೂವರೆ ಇಂಚಿನ ಫ್ಲಾಪಿಗಳು. ಡಬ್ಬ ಲಾಸ್ ಏಂಜಲೀಸಿಗೆ ಹೋಯಿತು. ಇಪ್ಪತ್ತಮೂರು ವರ್ಷ ಹಳೆಯ ಕಾಂತದ ಲೇಪದಲ್ಲಿ ಅಕ್ಷರ ಉಳಿದಿದೆಯೋ ಅಳಿದಿದೆಯೋ ಹೇಳುವವರಿಲ್ಲ. ಒಂದೊಂದು ಸಲ ಓದಿಸಿದಾಗಲೂ ಲೇಪ ಕಿತ್ತುಬರುವ ಭಯ. ಏಪ್ರಿಲ್ 16ರಂದು ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮತ್ತು ಆಪಲ್ 2 ಯಂತ್ರಗಳ ಸಂಗ್ರಾಹಕ ಟೋನಿ ಡಯಾಜ್ ಹಳೆಯ ಯಂತ್ರಗಳ ಸಮೇತ ಮೆಕ್ನರ್ ಮನೆಗೆ ಬಂದರು. ಫ್ಲಾಪಿಗಳು ಓದಿಸಿಕೊಂಡವು. ಮರುದಿನ ಮೂಲ ಸಂಕೇತ ಎಲ್ಲರ ಕೈಗೂ ಸಿಕ್ಕಿತು.

ನಾನೂ ಇಳಿಸಿಕೊಂಡೆ. 6502 ಎಂಬ ಸಂಸ್ಕಾರಕದ ಅಸೆಂಬ್ಲಿ ಭಾಷೆ. ಮೂರು ಮೂರು ಅಕ್ಷರದ ಆಜ್ಞೆಗಳ ಉದ್ದದ ಪಟ್ಟಿ, ನನಗೆ ಹೆಚ್ಚೇನೂ ತಿಳಿಯಲಿಲ್ಲ. ಆದರೆ ಚಲನೆಗಳ ಕಡತ ತೆರೆದಾಗ ಕಣ್ಣು ನಿಂತಿತು. ಓಟದ ಆರಂಭ, ನಿಂತ ನೆಗೆತ, ಓಡುನೆಗೆತ, ಜೋತು ಬೀಳುವುದು, ಹತ್ತುವುದು ಎಂದು ಒಂದೊಂದಕ್ಕೂ ಒಂದು ಹೆಸರು, ಹೆಸರಿನ ಕೆಳಗೆ ಚೌಕಟ್ಟುಗಳ ಸಂಖ್ಯೆ. ಪಾರ್ಕಿಂಗ್ ಜಾಗದಲ್ಲಿ ಓಡಿದ ಆ ಹುಡುಗ ಸಂಖ್ಯೆಗಳ ಸಾಲಾಗಿ ಅಲ್ಲಿ ಮಲಗಿದ್ದ. ಕಳ್ಳಪ್ರತಿ ತಡೆಯುವ ಭಾಗ ಮಾತ್ರ ಆ ಫ್ಲಾಪಿಗಳಲ್ಲಿ ಇರಲಿಲ್ಲ. ಅದನ್ನು ಬರೆದವರು ಬೇರೆಯವರು.

ಕಳ್ಳಪ್ರತಿ ಎಂದಾಗ ಒಂದು ತಪ್ಪೊಪ್ಪಿಗೆ. ನಾವು ಆಡುತ್ತಿದ್ದ ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಮೇಲೆ ಒಂದು ಕೋಣೆ ಬರಬೇಕು. ತುಂಬಾ ಕುಡಿಕೆಗಳು, ಒಂದೊಂದರ ಬಳಿ ಒಂದು ಅಕ್ಷರ. ಆಟದ ಜತೆ ಬಂದ ಪುಸ್ತಿಕೆಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲಕ್ಷರ ಯಾವುದೋ ಆ ಕುಡಿಕೆಯನ್ನೇ ಕುಡಿಯಬೇಕು. ಬೇರೆಯದು ವಿಷ. ಪುಸ್ತಿಕೆ ಇಲ್ಲದವನು, ಅಂದರೆ ದುಡ್ಡು ಕೊಡದವನು, ಅಲ್ಲೇ ಸಾಯಬೇಕೆಂಬ ಏರ್ಪಾಡು. ನಮ್ಮ ಸೆಂಟರಿನ ಪ್ರತಿಯಲ್ಲಿ ಆ ಕೋಣೆಯೇ ಇರಲಿಲ್ಲ. ಯಾರೋ ಪುಣ್ಯಾತ್ಮ ಅದನ್ನು ಕಿತ್ತೆಸೆದು ಫ್ಲಾಪಿಯಿಂದ ಫ್ಲಾಪಿಗೆ ಊರೂರಿಗೆ ಹಂಚಿದ್ದ. ಹಾಗಾಗಿ ನಾನು ಆಡಿದ್ದು ಒಂದು ಪುಟ ಹರಿದ ಪ್ರತಿ ಎಂಬುದೂ ಗೊತ್ತಾದದ್ದು ಬಹಳ ತಡವಾಗಿ.

ಪಾಠಾಂತರದ ಜಗಳ ಮಾತ್ರ ಆಗಲೇ ಕಂಡಿದ್ದೆ. ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ಶುರು ಮಾಡಿದರೆ ಕೆ ಅಕ್ಷರ ಒತ್ತಿದೊಡನೆ ಕಾವಲುಗಾರ ಸತ್ತು ಬೀಳುತ್ತಿದ್ದ. ನನ್ನ ಚಿಕ್ಕಪ್ಪನ ಮಗ ಅವನೂರಿನಲ್ಲಿ ‘ಪ್ರಿನ್ಸ್ ಇಂಪ್ರೂವ್ಡ್’ ಎಂದೇ ಹೊಡೆಯಬೇಕು, ಮೆಗಾಹಿಟ್ ಸುಳ್ಳು ಎನ್ನುತ್ತಿದ್ದ. ದಸರಾ ರಜೆಯಲ್ಲಿ ಇದಕ್ಕಾಗಿ ಇಬ್ಬರೂ ಮಾತು ಬಿಟ್ಟಿದ್ದೆವು. ಇಬ್ಬರೂ ಸರಿಯೇ. ಮೆಗಾಹಿಟ್ ಮೊದಲ ಆವೃತ್ತಿಯ ಮಂತ್ರ, ಇಂಪ್ರೂವ್ಡ್ ನಂತರದ್ದರದು. ಅಭಿಮಾನಿಗಳು ಇಂಥ ವ್ಯತ್ಯಾಸಗಳನ್ನೆಲ್ಲ ಹಸ್ತಪ್ರತಿಗಳನ್ನು ಹೋಲಿಸುವವರ ತಾಳ್ಮೆಯಿಂದ ಪಟ್ಟಿ ಮಾಡಿದ್ದಾರೆ. ಯಾವ ಪ್ರತಿಯಲ್ಲಿ ಯಾವ ದೋಷವಿದೆ, ಯಾವ ಪ್ರತಿಯಲ್ಲಿ ಯಾವ ಹಂತ ಪ್ರಕ್ಷಿಪ್ತ. 1992ರಲ್ಲಿ ಜಪಾನಿನಲ್ಲಿ ತಯಾರಾದ ಸೂಪರ್ ನಿಂಟೆಂಡೊ ಆವೃತ್ತಿ 20 ಹಂತಗಳಿಗೂ ಎರಡು ಗಂಟೆಗೂ ಬೆಳೆದುನಿಂತಿದೆ. ಕುಮಾರವ್ಯಾಸನ ಪ್ರತಿಗಳಿಗೆ ಲಿಪಿಕಾರರು ತಮ್ಮ ಪದ್ಯ ಸೇರಿಸಿದ ಹಾಗೆ. ಇನ್ನೊಂದು ತಮಾಷೆಯ ಸಂಶೋಧನೆ: ಮೊದಲ ಆಟದ ನಾಯಕ ರಾಜಕುಮಾರನೇ ಅಲ್ಲ. ದೂರದೇಶದಿಂದ ಬಂದ ಹೆಸರಿಲ್ಲದ ಸಾಹಸಿ. ರಾಜಕುಮಾರಿ ಒಲಿದದ್ದರಿಂದ ಸೆರೆ ಸೇರಿದವನು. ಹೆಸರೇ ಪ್ರಿನ್ಸ್ ಎಂದಿರುವ ಆಟದಲ್ಲಿ ಮೂವತ್ತು ವರ್ಷ ಯಾರನ್ನು ಪ್ರಿನ್ಸ್ ಎಂದು ಕರೆದೆವೋ!

ಡಾಸ್ ಆವೃತ್ತಿಯ ಯಂತ್ರಭಾಷೆಯನ್ನು ಅಭಿಮಾನಿಗಳು ಸಾಲು ಸಾಲಾಗಿ ಬಿಡಿಸಿ, ಸಿ ಭಾಷೆಯಲ್ಲಿ ತಿರುಗಿ ಬರೆದು, ಇಂದಿನ ಕಂಪ್ಯೂಟರಿನಲ್ಲಿ ಅದೇ ನಡಿಗೆಯಲ್ಲಿ ಆಡುವಂತೆ ಮಾಡಿದ್ದಾರೆ. ಮೂಲದ ತಪ್ಪುಗಳು ಹಾಗೇ ಇರಲಿ ಎನ್ನುವವರಿಗೆ ತಪ್ಪು ಉಳಿಸಿಕೊಳ್ಳುವ ಸೌಕರ್ಯವೂ ಇದೆ, ತಿದ್ದಿ ಆಡುವ ಸೌಕರ್ಯವೂ ಇದೆ. ಕಮಡೋರ್ 64 ಎಂಬ ಕಂಪ್ಯೂಟರಿಗೆ ಈ ಆಟ ಕಂಪನಿಯಿಂದ ಬಂದಿರಲೇ ಇಲ್ಲ. ಒಬ್ಬ ಅಭಿಮಾನಿ ಆಪಲ್ ಆವೃತ್ತಿಯನ್ನು ಬಿಚ್ಚಿ ನೋಡಿ ನೋಡಿ, ಮೂಲ ಸಂಕೇತದ ನೆರವಿಲ್ಲದೆ, 2011ರ ಅಕ್ಟೋಬರಿನಲ್ಲಿ ಆ ಕೊರತೆ ತುಂಬಿದರು. ಆರು ತಿಂಗಳು ಕಾದಿದ್ದರೆ ರಟ್ಟಿನ ಡಬ್ಬ ಸಿಗುತ್ತಿತ್ತು. ಕಾಯದೆ ಇದ್ದದ್ದೇ ಚೆಂದ ಎನಿಸುತ್ತದೆ ನನಗೆ.

ಅಭಿಮಾನಿಗಳ ಲೋಕವೆಲ್ಲ ಹೀಗೆ ವಿದ್ವತ್ತಿನದೇ ಎಂದರೆ ಸುಳ್ಳಾಗುತ್ತದೆ. ಗಾಳಿಸುದ್ದಿಯಲ್ಲಿ ಅವರನ್ನು ಮೀರಿಸಿದವರಿಲ್ಲ. 1996ರ ಜೂನ್ 23ರಂದು ಜಪಾನಿನಲ್ಲಿ ನಿಂಟೆಂಡೊ 64 ಯಂತ್ರದ ಜತೆ ಸೂಪರ್ ಮಾರಿಯೊ 64 ಹೊರಬಂತು. ಅದರಲ್ಲಿ ಕೋಟೆಯ ಹಿಂದಿನ ಅಂಗಳದಲ್ಲಿ ಒಂದು ಕಾರಂಜಿ, ಅದರ ನಡುವೆ ನಕ್ಷತ್ರದ ಪ್ರತಿಮೆ, ಪ್ರತಿಮೆಯ ಅಡಿಯಲ್ಲಿ ಮಸುಕಾದ ಒಂದು ಫಲಕ. ಕಣ್ಣು ಕಿರಿದು ಮಾಡಿದರೆ ‘ಎಲ್ ಈಸ್ ರಿಯಲ್ 2401’ ಎಂದು ಓದಬಹುದು. ಹಿಂದಿನ ಆಟಗಳಲ್ಲಿ ನಾಯಕ ಮಾರಿಯೊನ ಜತೆಗಿರುತ್ತಿದ್ದ ತಮ್ಮ ಲುಯಿಜಿ ಈ ಆಟದಲ್ಲಿ ಕಾಣಿಸುವುದಿಲ್ಲ. ಎಲ್ ಎಂದರೆ ಲುಯಿಜಿ, ಅವನು ಇಲ್ಲೇ ಎಲ್ಲೋ ಅಡಗಿದ್ದಾನೆ ಎಂದು ಹುಡುಗರು ತೀರ್ಮಾನಿಸಿಬಿಟ್ಟರು. ಕಾರಂಜಿಯನ್ನು ಇಷ್ಟು ಸಾವಿರ ಸಲ ಸುತ್ತಿದವರು, ನಾಣ್ಯ ಎಣಿಸಿದವರು, ಗೋಡೆಗೆ ತಲೆ ಚಚ್ಚಿಸಿದವರು. ಆಟಗಳ ಸುದ್ದಿಸಂಸ್ಥೆ ಐಜಿಎನ್ ಸಾಬೀತು ಮಾಡಿದವರಿಗೆ 100 ಡಾಲರ್ ಎಂದು ಸಾರಿತು. ಯಾರಿಗೂ ದಕ್ಕಲಿಲ್ಲ.

ಬಂಡೆಯ ಮೇಲಿನ ಬಿರುಕನ್ನು ಬ್ರಾಹ್ಮಿ ಲಿಪಿ ಎಂದು ಓದಿದ ಉತ್ಸಾಹಿಗಳನ್ನು ನಾವೂ ಕಂಡಿದ್ದೇವೆ. ಇದೂ ಅದೇ ಜಾತಿಯದು. ಅದೇ ಫಲಕದ ಚಿತ್ರ 1998ರ ಝೆಲ್ಡಾ ಆಟದಲ್ಲಿಯೂ ಇದೆ, ಲುಯಿಜಿಗೂ ಆ ಆಟಕ್ಕೂ ಸಂಬಂಧವಿಲ್ಲ. ಕಲ್ಲಿನ ಮೇಲೆ ಏನೋ ಕೆತ್ತಿದಂತೆ ಕಾಣಲಿ ಎಂದು ಎಳೆದ ಗೀರುಗಳಿರಬೇಕು, ಅಷ್ಟೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2020ರ ಜುಲೈ ಕೊನೆಯಲ್ಲಿ ನಿಂಟೆಂಡೊ ಕಂಪನಿಯೊಳಗಿನ ಹಳೆಯ ಕಡತಗಳ ದೊಡ್ಡ ರಾಶಿ ಸೋರಿಕೆಯಾಯಿತು. ಕೆದಕಿದವರಿಗೆ ಸೂಪರ್ ಮಾರಿಯೊ 64ರ ಕಡತಗಳ ನಡುವೆ ಲುಯಿಜಿಯ ಮೈಯ ಬಿಡಿಭಾಗಗಳು ಸಿಕ್ಕವು. ಜೋಡಿಸಿದಾಗ ಪೂರಾ ಲುಯಿಜಿ ಎದ್ದು ನಿಂತ. ಆಟದ ಕರ್ತೃ ಶಿಗೆರು ಮಿಯಾಮೊಟೊ ಆಗಿನ ಕಾಲದಲ್ಲೇ ಲುಯಿಜಿಯನ್ನು ಸೇರಿಸಿ ಆಮೇಲೆ ಕೈಬಿಟ್ಟೆವೆಂದು ಹೇಳಿದ್ದರು, ಕೈಬಿಟ್ಟದ್ದಕ್ಕೆ ಮೆಮೊರಿಯ ಇಕ್ಕಟ್ಟೂ ಒಂದು ಕಾರಣ. ಅಂದರೆ ಹುಡುಗರು ಸುಳ್ಳು ಶಾಸನ ಓದಿ ನಿಜವಾದ ರಾಜನ ಹೆಸರು ಹೇಳಿದ್ದರು. ಆಟ ಬಿಡುಗಡೆಯಾದ ದಿನದಿಂದ ಲೆಕ್ಕ ಹಾಕಿದರೆ ಅಂದಿಗೆ 24 ವರ್ಷ 1 ತಿಂಗಳು, ಅದೇ 2401 ಎಂದು ಕುಣಿದಾಡಿದವರೂ ಇದ್ದರು. ಕಾಕತಾಳೀಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಶಾಲೆಯ ಪುಸ್ತಕದಲ್ಲೂ ಸಿಗಲಾರದು.

ನನಗೆ ಆ ಸಂಭ್ರಮದಲ್ಲಿ ಒಂದು ಮುಜುಗರವಿದೆ. ಮೆಕ್ನರ್ ತಮ್ಮ ಡಬ್ಬವನ್ನು ತಾವೇ ತೆರೆದು ಹಂಚಿದರು. ನಿಂಟೆಂಡೊ ಕಡತಗಳು ಹೊರಬಂದದ್ದು ಕಳ್ಳದಾರಿಯಲ್ಲಿ. ವಿದ್ವಾಂಸನೆನಿಸಿಕೊಳ್ಳಬೇಕಾದವನು ಮಠದ ಬೀಗ ಒಡೆದು ಓಲೆಗರಿ ತರಬಾರದು. ಇದನ್ನು ಚೆನ್ನಾಗಿ ತಿಳಿದವರೂ ಆ ಅಭಿಮಾನಿಗಳಲ್ಲೇ ಇದ್ದಾರೆ. ಸೋರಿಕೆಗೆ ಒಂದು ವರ್ಷ ಮೊದಲೇ, 2019ರಲ್ಲಿ, ಒಂದು ಗುಂಪು ಸೂಪರ್ ಮಾರಿಯೊ 64ರ ಮೂಲ ಸಂಕೇತವನ್ನು ಅಂಗಡಿಯಲ್ಲಿ ಸಿಗುತ್ತಿದ್ದ ಕಾರ್ಟ್ರಿಜ್‌ನಿಂದಲೇ ತಿರುಗಿ ಕಟ್ಟಿತ್ತು. ಅವರ ಕ್ರಮ ಕೇಳಿದರೆ ತಲೆ ತಿರುಗುತ್ತದೆ. ಕಾರ್ಟ್ರಿಜ್‌ನಲ್ಲಿರುವುದು ಯಂತ್ರ ಮಾತ್ರ ಓದುವ ಅಂಕಿಗಳು, ಸುಮಾರು 8 ಮೆಗಾಬೈಟ್. ಅದರಲ್ಲಿ ಒಂದು ತುಣುಕು ಆರಿಸಿ, ಇದನ್ನು ಬರೆದವರು ಮನುಷ್ಯರ ಭಾಷೆಯಲ್ಲಿ ಹೀಗೆ ಬರೆದಿರಬಹುದು ಎಂದು ಊಹಿಸಿ ಸಿ ಭಾಷೆಯಲ್ಲಿ ಬರೆಯುವುದು. ಅದನ್ನು 1990ರ ದಶಕದ ಅದೇ ಕಂಪೈಲರಿನಿಂದ ಅಂಕಿಗಳಾಗಿ ತಿರುಗಿಸುವುದು. ಮೂಲದ ಜತೆ ಒಂದೊಂದು ಬೈಟೂ ಹೊಂದಿದರೆ ಊಹೆ ಗೆದ್ದಿತು, ಒಂದು ಬೈಟ್ ತಪ್ಪಿದರೂ ಮತ್ತೆ ಮೊದಲಿನಿಂದ. ಹಾಗೆ ಮಾಡುವಾಗಲೇ ಒಂದು ಗುಟ್ಟು ಹೊರಬಿತ್ತು. ಜಪಾನ್ ಮತ್ತು ಅಮೆರಿಕದ ಆವೃತ್ತಿಗಳನ್ನು ನಿಂಟೆಂಡೊ ಕಂಪೈಲರಿನ ವೇಗವರ್ಧನೆಯನ್ನು ಚಾಲೂ ಮಾಡದೆಯೇ ಮಾರಿಬಿಟ್ಟಿತ್ತು. ಗಡಿಬಿಡಿಯಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಕಾರು ಓಡಿಸಿದ ಹಾಗೆ. ಇದೇ ಕ್ರಮದಲ್ಲಿ ಝೆಲ್ಡಾ ಆಟವನ್ನು 2021ರಲ್ಲಿ ಮುಗಿಸಿದ ಗುಂಪು ಸೋರಿಕೆಯ ಕಡತಗಳನ್ನು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡಿತ್ತು. ನನ್ನ ಗೌರವ ಇಂಥವರಿಗೆ.

ಪೋಕೆಮಾನ್ ವಿಷಯದಲ್ಲೂ ಹೀಗೊಂದು ನಡೆಯಿತು, ಚಿಕ್ಕದಾಗಿ ಹೇಳಿಬಿಡುತ್ತೇನೆ. 1996ರ ಮೊದಲ ಆಟದ ಕೆಲಸ ಮುಗಿಯುವ ಹೊತ್ತಿಗೆ ತಪ್ಪು ಹುಡುಕಲು ಇಟ್ಟಿದ್ದ ಸಲಕರಣೆಗಳನ್ನು ತೆಗೆದದ್ದರಿಂದ ಸುಮಾರು 300 ಬೈಟ್ ಜಾಗ ಉಳಿಯಿತು. ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಆ ಸಂದಿಯಲ್ಲಿ ಮ್ಯೂ ಎಂಬ ಪ್ರಾಣಿಯನ್ನು ತುರುಕಿದರು. ಆಟದಲ್ಲಿ ಅದನ್ನು ಹಿಡಿಯಲು ದಾರಿ ಇಟ್ಟಿರಲಿಲ್ಲ. ಬಂದರಿನ ಬಳಿ, ಸುಲಭಕ್ಕೆ ತಲುಪಲಾಗದ ಮೂಲೆಯಲ್ಲಿ, ಯಾವ ಉಪಯೋಗವೂ ಇಲ್ಲದ ಒಂದು ಟ್ರಕ್ ನಿಂತಿದೆ. ಮ್ಯೂ ಅದರ ಅಡಿಯಲ್ಲಿದೆ ಎಂದು ಹಬ್ಬಿತು. ಅಡಿಯಲ್ಲಿ ಏನೂ ಇಲ್ಲ. ಆದರೆ 2003ರಲ್ಲಿ ಆಟದ ಒಂದು ದೋಷವನ್ನು ಬಳಸಿ ಮ್ಯೂವನ್ನು ನಿಜವಾಗಿಯೂ ಹಿಡಿಯುವ ದಾರಿಯನ್ನು ಆಟಗಾರರು ಕಂಡುಹಿಡಿದರು. ಅಜ್ಜಿಕಥೆ ಸುಳ್ಳಾದರೂ ಹುಡುಕಾಟ ವ್ಯರ್ಥವಾಗಲಿಲ್ಲ.

ಇಷ್ಟಕ್ಕೂ ಆಟದೊಳಗೆ ಬಚ್ಚಿಡುವ ಚಟ ಎಲ್ಲಿಂದ ಬಂತು? ಅಟಾರಿ ಕಂಪನಿ ತನ್ನ ಆಟಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬವರು ‘ಅಡ್ವೆಂಚರ್’ ಆಟದಲ್ಲಿ, ಒಟ್ಟು 4 ಕಿಲೋಬೈಟ್ ಜಾಗದೊಳಗೆ, ಒಂದು ಗುಪ್ತ ಕೋಣೆ ಮಾಡಿ ಅದರ ನಡುವೆ ತಮ್ಮ ಹೆಸರು ಬರೆದಿಟ್ಟರು. ಹಿನ್ನೆಲೆಯ ಬಣ್ಣದಲ್ಲೇ ಕರಗಿದ ಒಂದು ಚುಕ್ಕಿಯನ್ನು ಹೊತ್ತು ತಂದವರಿಗೆ ಮಾತ್ರ ಆ ಕೋಣೆಗೆ ಪ್ರವೇಶ. ಯಾರಿಗೂ ಹೇಳದೆ ಕೆಲಸ ಬಿಟ್ಟು ಹೊರಟರು. ಪತ್ತೆ ಮಾಡಿ ಕಂಪನಿಗೆ ಕಾಗದ ಬರೆದದ್ದು ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ದಾಸೋಜ, ಚಾವಣ ಎಂದು ಹೆಸರು ಕೊರೆಯಲು ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಅಡ್ಡಿಯಿರಲಿಲ್ಲ. 20ನೆಯ ಶತಮಾನದ ಕ್ಯಾಲಿಫೋರ್ನಿಯಾದ ಶಿಲ್ಪಿ ಕದ್ದು ಕೊರೆಯಬೇಕಾಯಿತು.

ಕಂಪನಿಗಳಿಗೆ ಹೆಸರೂ ಬೇಡ, ಹಳೆಯ ಆಟವೂ ಬೇಡ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಆಗ ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುತ್ತಿದ್ದದ್ದು 13% ಮಾತ್ರ. ಉಳಿದದ್ದನ್ನು ಓದಬೇಕೆನ್ನುವ ಸಂಶೋಧಕರಿಗೆ ಗ್ರಂಥಾಲಯಗಳು ಅಂತರ್ಜಾಲದ ಮೂಲಕ ಒದಗಿಸಲು ಅನುಮತಿ ಕೊಡಿ ಎಂಬ ಬೇಡಿಕೆಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಮಾರುವುದೂ ಇಲ್ಲ, ಓದಲೂ ಬಿಡುವುದಿಲ್ಲ ಎಂಬುದು ನನಗೆ ಅರ್ಥವಾಗದ ನ್ಯಾಯ. ಅದು ಬದಲಾಗುವವರೆಗೆ ರಾತ್ರಿ ಕೂತು ಬೈಟ್ ಹೊಂದಿಸುವವರೇ ಗತಿ.

ನಮ್ಮ ಕಡೆಯ ಮಾತು ಒಂದಿದೆ. 1990ರ ದಶಕದಲ್ಲಿ ಕನ್ನಡದ ಎಷ್ಟೋ ಪುಸ್ತಕಗಳು ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರಿನಲ್ಲಿ ಅಚ್ಚಿಗೆ ಸಿದ್ಧವಾದವು. ಶ್ರೀಲಿಪಿ, ಪ್ರಕಾಶಕ್ ಎಂದು ಒಂದೊಂದು ಅಂಗಡಿಗೆ ಒಂದೊಂದು ತಂತ್ರಾಂಶ, ಒಂದೊಂದು ಅಕ್ಷರವಿನ್ಯಾಸ. ಆ ಕಡತಗಳು, ಶಾಲೆಯ ಮಾಸ್ತರರು ಬೇಸಿಕ್ ಭಾಷೆಯಲ್ಲಿ ಬರೆದ ಪುಟ್ಟ ಆಟಗಳು, ಯಾರೋ ತಯಾರಿಸಿದ ಫಾಂಟು, ಎಲ್ಲ ಫ್ಲಾಪಿಗಳಲ್ಲೇ ಉಳಿದಿವೆ, ಅಟ್ಟದ ಮೇಲೆ, ಹಳೆಯ ಬೀರುವಿನಲ್ಲಿ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡ ಕಟ್ಟುಗಳಲ್ಲಿ. ಮನೆ ಖಾಲಿ ಮಾಡುವಾಗ ಅಂಥದೊಂದು ಡಬ್ಬ ಸಿಕ್ಕರೆ ಗುಜರಿಯವನಿಗೆ ಕೊಡುವ ಮೊದಲು ಒಂದು ದಿನ ತಡೆಯಿರಿ. ಬಿಸಿಲಿಗೂ ಸ್ಪೀಕರಿನ ಕಾಂತಕ್ಕೂ ದೂರವಿಡಿ. ಬೂಷ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಲೇಬೇಡಿ. ಮೂರೂವರೆ ಇಂಚಿನದಾದರೆ ಓದಿಸುವ ಯುಎಸ್‌ಬಿ ಡ್ರೈವ್ ಈಗಲೂ ಕೊಳ್ಳಲು ಸಿಗುತ್ತದೆ. ಐದೂಕಾಲು ಇಂಚಿನದಾದರೆ ಹಳೆಯ ಯಂತ್ರ ಇಟ್ಟುಕೊಂಡಿರುವವರನ್ನು ಹುಡುಕಬೇಕು. ಒಳಗೆ ಹಾಕಿದಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಬಲು ವಿನಯದಿಂದ ಕೇಳುತ್ತದೆ. ದಯವಿಟ್ಟು ಬೇಡ ಎನ್ನಿ.